ಎತ್ತರದ ಸುಂಕ

ಮಲೆನಾಡಿನಲ್ಲಿ ಜೀಪಿಗೆ ವಯಸ್ಸಾಗುವುದಿಲ್ಲ, ಎತ್ತರ ಬರುತ್ತದೆ. ಸಕಲೇಶಪುರ, ಮೂಡಿಗೆರೆ, ಕಳಸ, ಸೋಮವಾರಪೇಟೆ, ಯಾವ ಊರಿನ ಪೇಟೆಯಲ್ಲಿ ನಿಂತರೂ ಸಂತೆಯ ದಿನ ಈ ಮಾತಿಗೆ ಸಾಕ್ಷಿ ಸಾಲುಗಟ್ಟಿ ಬರುತ್ತದೆ. ಗಾಡಿ ಅಜ್ಜನ ಕಾಲದ್ದು. ಬಣ್ಣ ಹಲವು ಸಲ ಬದಲಾಗಿದೆ, ಎಂಜಿನ್ನು ಬೇರೆ ಯಾವುದೋ ಗಾಡಿಯದು, ಹುಡ್ಡಿಗೆ ಹೊಸ ರೆಕ್ಸಿನ್ನು ಬಿದ್ದಿದೆ. ಇಷ್ಟೆಲ್ಲ ಆದ ಮೇಲೆ ಒಡೆಯನಿಗೆ ಮಾಡಲು ಉಳಿದಿರುವ ಕೆಲಸ ಒಂದೇ, ಎತ್ತರಿಸುವುದು. ಮೂತಿ ಮೇಲೇಳುತ್ತದೆ, ದಪ್ಪ ಟಯರು ಬರುತ್ತದೆ, ಮಡ್‌ಗಾರ್ಡಿಗೂ ಟಯರಿಗೂ ನಡುವೆ ಒಂದು ಕೋಳಿ ಆರಾಮವಾಗಿ ಕೂರುವಷ್ಟು ಜಾಗವಾಗುತ್ತದೆ. ಹತ್ತಿ ಇಳಿಯಲು ಮನೆಯ ಹಿರಿಯರು ಪಡುವ ಪಾಡು ಬೇರೆ ಕತೆ. ಅಜ್ಜಿಗೆಂದೇ ಸೀಟಿನಡಿಯಲ್ಲಿ ಒಂದು ಮಣೆ ಇಟ್ಟುಕೊಂಡು ಓಡಾಡುವವರು ನಮ್ಮ ಕಡೆ ಇದ್ದಾರೆ. ಅಜ್ಜಿ ಇಳಿಯುವಾಗ ಬೈಯುವುದು ಜೀಪನ್ನಲ್ಲ, ಮೊಮ್ಮಗನನ್ನು.

ಎತ್ತರದ ಹುಚ್ಚಿನಲ್ಲಿ ಅಗತ್ಯದ ಪಾಲು ಎಷ್ಟು, ಶೋಕಿಯ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಮಳೆಗಾಲದಲ್ಲಿ ಎಸ್ಟೇಟಿನ ದಾರಿಯಲ್ಲಿ ಚಕ್ರದ ಜಾಡು ಮೊಣಕಾಲುದ್ದ ಇಳಿಯುತ್ತದೆ, ನಡುವಿನ ದಿಬ್ಬ ಗಾಡಿಯ ಹೊಟ್ಟೆಗೆ ಉಜ್ಜುತ್ತದೆ. ಕೊಡಚಾದ್ರಿಗೆ ಯಾತ್ರಿಕರನ್ನು ಹೊತ್ತೊಯ್ಯುವ ಜೀಪಾಗಲಿ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕುಣಿಸುತ್ತ ಒಯ್ಯುವ ಜೀಪಾಗಲಿ ಕಲ್ಲಿನ ಮೇಲೆ ಕಲ್ಲು ಹತ್ತಿ ಹೋಗಬೇಕು. ಅವಕ್ಕೆ ಎರಡಿಂಚು ಹೆಚ್ಚಿಗೆ ಬೇಕೆಂದರೆ ಯಾರೂ ತಕರಾರು ತೆಗೆಯಲಾರರು. ಆದರೆ ಬೆಂಗಳೂರಿನ ಡಾಂಬರು ಬಿಟ್ಟು ಇಳಿಯದ ಗಾಡಿಗೂ ಅಷ್ಟೇ ಎತ್ತರ ಬೇಕೆನ್ನುವವರಿದ್ದಾರೆ. ಎತ್ತರದಲ್ಲಿ ಕೂತವನಿಗೆ ಎದುರಿನ ರಸ್ತೆ ಚೆನ್ನಾಗಿ ಕಾಣುತ್ತದೆ, ಎದುರಿನವರಿಗೆ ಅವನೂ ಚೆನ್ನಾಗಿ ಕಾಣುತ್ತಾನೆ. ಎರಡನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಇಲ್ಲೊಂದು ತಮಾಷೆಯಿದೆ. ಹಳೆಯ ಜೀಪಿನ ಮುಂದಿನ ಎರಡು ಚಕ್ರಗಳನ್ನು ಜೋಡಿಸಿರುವುದು ಒಂದೇ ಗಟ್ಟಿ ಆಕ್ಸಲ್. ಅದರ ಡಿಫರೆನ್ಷಿಯಲ್ ಉಂಡೆಯೇ ಗಾಡಿಯಲ್ಲಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರವಿರುವ ಭಾಗ. ಪಟ್ಟೆಗಳ ಸ್ಪ್ರಿಂಗಾದ ಕಮಾನು ಬಗ್ಗಿಸಿ ಗಾಡಿಯನ್ನು ಎಷ್ಟೇ ಎತ್ತಿದರೂ ಏಳುವುದು ಚಾಸಿಯೂ ಅದರ ಮೇಲೆ ಕೂತವರೂ ಮಾತ್ರ. ಆ ಉಂಡೆ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತಬಲ್ಲದ್ದು ಟಯರು ಒಂದೇ. ಹಳೆಯ 6.00-16 ಟಯರಿನ ಎತ್ತರ ಸುಮಾರು 28 ಇಂಚು. ಅದನ್ನು ತೆಗೆದು 31 ಇಂಚಿನದು ಹಾಕಿದರೆ ವ್ಯಾಸದಲ್ಲಿ ಮೂರಿಂಚು ಹೆಚ್ಚಿತು, ಉಂಡೆ ಮಾತ್ರ ಅದರ ಅರ್ಧ, ಒಂದೂವರೆ ಇಂಚು ಏರಿತು. ಕಮಾನನ್ನು ಎತ್ತರಿಸುವುದರ ನಿಜವಾದ ಉಪಯೋಗವೆಂದರೆ ಆ ದೊಡ್ಡ ಟಯರು ಮಡ್‌ಗಾರ್ಡಿಗೆ ತಾಗದಂತೆ ಜಾಗ ಮಾಡಿಕೊಡುವುದು, ಜೊತೆಗೆ ಗಾಡಿಯ ಹೊಟ್ಟೆ ದಿಬ್ಬಕ್ಕೆ ಉಜ್ಜದಂತೆ ನೋಡಿಕೊಳ್ಳುವುದು. ಇಷ್ಟು ಲಾಭಕ್ಕೆ ತೆರುವ ಸುಂಕವೆಷ್ಟು ಎಂಬ ಲೆಕ್ಕವನ್ನು ಎತ್ತರಿಸಿಕೊಡುವ ಗ್ಯಾರೇಜಿನವರು ಸಾಮಾನ್ಯವಾಗಿ ಹೇಳುವುದಿಲ್ಲ. ಅದನ್ನು ಆಮೇಲೆ ರಸ್ತೆಯೇ ಹೇಳುತ್ತದೆ.

ನನ್ನ ಬಳಿ ಇರುವುದು ಸಿಜೆ-3ಬಿ ವಂಶದ ಒಂದು ಜೀಪು. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಮಾದರಿ ಅದು. ಹೊಸ ಎಂಜಿನ್ನು ಹಳೆಯ ಬಾನೆಟ್ಟಿನಡಿ ಹಿಡಿಸದೆ ಅದರ ಬಾನೆಟ್ಟನ್ನೇ ಎತ್ತರಿಸಿದ್ದರು. ಅಂದರೆ ಎತ್ತರದ ಚಾಳಿ ಹುಟ್ಟಿನಿಂದಲೇ ಬಂದದ್ದು. ಅವರು ಅದನ್ನು ಬಿಟ್ಟ ಮೇಲೂ ನಮ್ಮ ಮಹೀಂದ್ರದವರು ದಶಕಗಳ ಕಾಲ ಅದೇ ಮೈಕಟ್ಟಿನ ಗಾಡಿಗಳನ್ನು ಮಾಡಿದರು. ಕಾಫಿ ತೋಟದ ಮಾಲೀಕರೊಬ್ಬರಿಂದ ನನ್ನ ಕೈಗೆ ಬರುವಾಗಲೇ ಅದು ಎತ್ತರಗೊಂಡಾಗಿತ್ತು. ಯಾವುದೋ ಗ್ಯಾರೇಜಿನಲ್ಲಿ ಕಮಾನಿನ ತುದಿಯನ್ನು ಚಾಸಿಗೆ ತೂಗುಹಾಕುವ ಮೂಲ ಶ್ಯಾಕಲ್ಲುಗಳನ್ನು ಬಿಚ್ಚಿ ಉದ್ದನೆಯ ಪ್ಲೇಟುಗಳನ್ನು ಹಾಕಿ, ರಬ್ಬರ್ ಬುಶ್ ತುರುಕಿ, ಕಮಾನಿಗೆ ಒಂದು ಪಟ್ಟೆ ಹೆಚ್ಚಿಗೆ ಸೇರಿಸಿದ್ದರು. ನಿಂತಾಗ ನೋಡಲು ಬಲು ಚೆಂದ. ಓಡುವಾಗ ಮಾತ್ರ ಅದಕ್ಕೆ ಅದರದೇ ಅಭಿಪ್ರಾಯಗಳಿದ್ದವು.

ಇಪ್ಪತ್ತರ ವೇಗದಲ್ಲಿ ತೋಟದೊಳಗೆ ಓಡುವಾಗ ಅದು ಸಾಧು. ಟಾರು ರಸ್ತೆಗೆ ಬಂದು ನಲವತ್ತು ದಾಟಿತೋ, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಅಲೆಯತೊಡಗುತ್ತಿತ್ತು. ಸ್ಟೇರಿಂಗನ್ನು ಸದಾ ತಿದ್ದುತ್ತಲೇ ಇರಬೇಕು. ತಿರುವು ಮುಗಿದ ಮೇಲೆ ಬೇರೆ ಗಾಡಿಗಳ ಸ್ಟೇರಿಂಗು ತಾನಾಗಿ ನೇರಕ್ಕೆ ಮರಳಿದರೆ ಇದರದ್ದು ತಿರುಗಿಸಿದಲ್ಲೇ ಕೂತಿರುತ್ತಿತ್ತು. ಇದು ಸಾಲದೆಂಬಂತೆ ಸೇತುವೆಯ ಜಾಯಿಂಟೋ ಗುಂಡಿಯೋ ಸಿಕ್ಕಿ ಒಂದು ಚಕ್ರ ನೆಗೆದರೆ ಮುಂದಿನ ಎರಡೂ ಚಕ್ರಗಳು ಎಡಕ್ಕೆ ಬಲಕ್ಕೆ ಎಡಕ್ಕೆ ಬಲಕ್ಕೆ ಹೊಡೆದುಕೊಳ್ಳತೊಡಗುತ್ತಿದ್ದವು. ಸ್ಟೇರಿಂಗು ಕೈ ಕಿತ್ತುಕೊಳ್ಳುತ್ತಿತ್ತು, ಡ್ಯಾಶ್‌ಬೋರ್ಡಿನ ಗಣಪತಿ ಮುಗ್ಗರಿಸಿ ಬೀಳುತ್ತಿದ್ದ, ಪಕ್ಕದಲ್ಲಿ ಕೂತವರಿಗೆ ತಮ್ಮ ಇಷ್ಟದೇವರ ನೆನಪಾಗುತ್ತಿತ್ತು. ಗ್ಯಾರೇಜಿನವರು ಇದಕ್ಕೆ ವಾಬ್ಲಿಂಗ್ ಅನ್ನುತ್ತಾರೆ. ಆಗ ಬ್ರೇಕನ್ನು ಒಮ್ಮೆಲೇ ಒತ್ತಬಾರದು. ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು ಆಕ್ಸಿಲರೇಟರ್ ಬಿಟ್ಟು ವೇಗ ಇಳಿಯಗೊಡಬೇಕು. ವೇಗ ಇಳಿದರೆ ನಡುಕವೂ ನಿಲ್ಲುತ್ತದೆ. ಬೆವರು ಆರಲು ಮಾತ್ರ ಸ್ವಲ್ಪ ಹೊತ್ತು ಬೇಕು.

ಇಂಥ ಗಾಡಿ ಇಟ್ಟುಕೊಂಡವನಿಗೆ ಸಲಹೆಯ ಬರವಿಲ್ಲ. ಟೀ ಅಂಗಡಿಯ ಮುಂದೆ ನಿಲ್ಲಿಸಿದರೆ ಸಾಕು, ನಾಲ್ಕು ಜನ ನಾಲ್ಕು ಚಕ್ರ ಸುತ್ತುತ್ತಾರೆ. ಒಬ್ಬರು ಟಯರು ಒದ್ದು ಬ್ಯಾಲೆನ್ಸಿಂಗ್ ಎನ್ನುತ್ತಾರೆ. ಇನ್ನೊಬ್ಬರು ಬಗ್ಗಿ ನೋಡಿ ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಮೂರನೆಯವರು ಬಗ್ಗುವುದೂ ಇಲ್ಲ. ತಮ್ಮ ಭಾವನ ಜೀಪಿಗೂ ಹೀಗೇ ಆಗಿತ್ತು, ಮಾರಿಬಿಟ್ಟರು ಎಂದು ಟೀ ಹೀರುತ್ತಾರೆ. ಪೇಟೆಯ ಅಲೈನ್‌ಮೆಂಟ್ ಅಂಗಡಿಗೆ ಒಯ್ದರೆ ಕಂಪ್ಯೂಟರ್ ಪರದೆಯಲ್ಲಿ ಕೆಂಪು ಹಸಿರು ಅಂಕಿಗಳು ಬರುತ್ತವೆ. ಹುಡುಗ ಅದನ್ನು ನೋಡಿ ಕ್ಯಾಂಬರ್ ಸೆಟ್ ಮಾಡಿಕೊಡುತ್ತೇನೆ ಎಂದರೆ ನಗು ಬರುತ್ತದೆ. ಗಟ್ಟಿ ಆಕ್ಸಲಿನ ಜೀಪಿನಲ್ಲಿ ಕ್ಯಾಂಬರ್, ಅಂದರೆ ಚಕ್ರದ ನೆತ್ತಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ತಿರುಗಿಸಲು ತಿರುಪೇ ಇಲ್ಲ. ಆಕ್ಸಲ್ ಬಾಗದಿದ್ದರೆ ಅದು ಕಾರ್ಖಾನೆಯಲ್ಲಿ ಇಟ್ಟಲ್ಲೇ ಇರುತ್ತದೆ.

ನನ್ನ ಗಾಡಿಯ ನಾಡಿ ಹಿಡಿದದ್ದು ಒಬ್ಬ ಹಿರಿಯ ಮೇಸ್ತ್ರಿ. ಪೇಟೆಯ ಹೊರಗೆ, ಹುಣಸೆಮರದ ಕೆಳಗೆ ಅವರ ಗ್ಯಾರೇಜು. ಬೋರ್ಡಿಲ್ಲ, ಗಡಿಯಾರವಿಲ್ಲ, ಅವಸರವಂತೂ ಮೊದಲೇ ಇಲ್ಲ. ಅವರ ಪದ್ಧತಿ ಒಂದು ಸಾಲಿನದು: ಮೊದಲು ಕೈ, ಆಮೇಲೆ ಪಾನಾ, ಕೊನೆಗೆ ಪರ್ಸು. ಬಂದ ಗಾಡಿಯ ಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ರೋಗ ಎಲ್ಲಿದೆಯೆಂದು ಹುಡುಕುವವರನ್ನು ಕಂಡರೆ ಅವರಿಗಾಗದು. ಅದು ಗಿರಾಕಿಯ ದುಡ್ಡಿನಲ್ಲಿ ಕಲಿಯುವ ವಿದ್ಯೆ ಎನ್ನುತ್ತಾರೆ.

ಅವರು ಮೊದಲು ಮಾಡಿದ್ದು ಪ್ರಶ್ನೆ ಕೇಳುವ ಕೆಲಸ. ಅಲೆಯುತ್ತದೋ, ನಡುಗುತ್ತದೋ, ಒಂದು ಕಡೆಗೆ ಎಳೆಯುತ್ತದೋ, ಟಕ್ಕೆನ್ನುತ್ತದೋ, ಕುಪ್ಪಳಿಸುತ್ತದೋ? ನನಗೆ ಇವೆಲ್ಲ ಒಂದೇ ರೋಗ ಎನ್ನಿಸಿತ್ತು. ಅವರಿಗೆ ಐದೂ ಬೇರೆ ಬೇರೆ. ಅಲೆಯುವುದಕ್ಕೆ ಮೂಲ ಚಕ್ರದ ಕೋನದಲ್ಲಿರುತ್ತದೆ. ನಡುಗುವುದಕ್ಕೆ ಎಲ್ಲೋ ಸವೆದು ಬಂದ ಆಟ ಬೇಕು. ಎಳೆಯುವುದಾದರೆ ಬ್ರೇಕು ಹಿಡಿದಿರಬಹುದು, ಟಯರಿನ ಗಾಳಿ ಹೆಚ್ಚುಕಡಿಮೆಯಿರಬಹುದು, ಅಥವಾ ಕಮಾನಿನ ಸೆಂಟರ್ ಬೋಲ್ಟ್ ಮುರಿದು ಆಕ್ಸಲ್ಲೇ ಒಂದು ಕಡೆ ಹಿಂದೆ ಸರಿದಿರಬಹುದು. ಇದನ್ನು ಕಂಡುಹಿಡಿಯಲು ಎಡಗಡೆಯ ಮುಂದಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ, ಬಲಗಡೆಯೂ ಹಾಗೆಯೇ ಟೇಪು ಹಿಡಿದು ಅಳೆದರೆ ಸಾಕು. ಟಕ್ಕೆಂಬ ಸದ್ದು ಬುಶ್ಶಿನದೋ ಯು-ಬೋಲ್ಟಿನದೋ ಶಾಕಿನದೋ ಆಗಿರುತ್ತದೆ. ಕುಪ್ಪಳಿಸಿದರೆ ಕಮಾನಿಗೆ ಪಟ್ಟೆ ಹೆಚ್ಚಾಗಿದೆ, ಇಲ್ಲವೇ ಎತ್ತರಿಸಿದ ಗಾಡಿಗೆ ಹಳೆಯ ಗಿಡ್ಡ ಶಾಕನ್ನೇ ಬಿಟ್ಟಿದ್ದಾರೆ. ಪಾಪ, ಆ ಶಾಕು ಪೂರ್ತಿ ಎಳೆದುಕೊಂಡು ಸರಪಳಿಯ ಕೆಲಸ ಮಾಡುತ್ತಿರುತ್ತದೆ.

ಆಮೇಲೆ ಟಯರಿನ ಮೇಲೆ ಅಂಗೈ ಆಡಿಸಿದರು. ಟಯರಿನ ಕಟ್ಟೆಗಳ ಅಂಚುಗಳು ಒಂದು ಕಡೆಯಿಂದ ಸವರಿದರೆ ನಯ, ಇನ್ನೊಂದು ಕಡೆಯಿಂದ ಒರಟು ಎನಿಸಿದರೆ ಟೋ, ಅಂದರೆ ಮುಂದಿನ ಚಕ್ರಗಳು ಒಳಮುಖವೋ ಹೊರಮುಖವೋ ಆಗಿರುವ ಅಳತೆ, ಕೆಟ್ಟಿದೆ ಎಂದರ್ಥ. ಒಂದೇ ಅಂಚು ಸವೆದಿದ್ದರೆ ಕ್ಯಾಂಬರಿನ ದೋಷ. ಅಲ್ಲಲ್ಲಿ ಬಟ್ಟಲು ಬಟ್ಟಲಾಗಿ ಸವೆದಿದ್ದರೆ ಶಾಕು ಸತ್ತಿದೆ ಅಥವಾ ಬ್ಯಾಲೆನ್ಸ್ ಇಲ್ಲ. ಗಾಡಿ ಓಡಿದ ದಾರಿಯ ಪೂರ್ತಿ ಜಾತಕ ಟಯರಿನ ಮೇಲೆ ಬರೆದಿರುತ್ತದೆ; ಓದುವವರು ಬೇಕು.

ನನಗೆ ತುಂಬ ಹಿಡಿಸಿದ್ದು ಅವರ ಮೂರನೆಯ ಪರೀಕ್ಷೆ. ಚಕ್ರ ನೆಲದ ಮೇಲೇ ಇರಬೇಕು, ಎಂಜಿನ್ ಬಂದಾಗಿರಬೇಕು. ಒಬ್ಬ ಹುಡುಗನನ್ನು ಸೀಟಿನಲ್ಲಿ ಕೂರಿಸಿ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪವೇ ಸ್ವಲ್ಪ ಅಲ್ಲಾಡಿಸುತ್ತಿರಲು ಹೇಳುತ್ತಾರೆ. ತಾವು ಗೋಣಿ ಹಾಸಿಕೊಂಡು ಕೆಳಗೆ ತೂರಿ ಪ್ರತಿಯೊಂದು ಕೀಲಿನ ಮೇಲೂ ಬೆರಳಿಡುತ್ತ ಹೋಗುತ್ತಾರೆ: ಸ್ಟೇರಿಂಗ್ ಬಾಕ್ಸಿನ ಬೋಲ್ಟುಗಳು, ಡ್ರ್ಯಾಗ್ ಲಿಂಕ್, ಬೆಲ್ ಕ್ರ್ಯಾಂಕ್, ಟೈ ರಾಡಿನ ತುದಿಗಳು, ಶ್ಯಾಕಲ್ಲಿನ ಬುಶ್ಶುಗಳು. ಈಚೆ ಭಾಗ ಅಲ್ಲಾಡಿ ಆಚೆ ಭಾಗ ಅಲ್ಲಾಡದೆ ಉಳಿದರೆ ಆಟ ಅಲ್ಲಿದೆ. ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರ್ ಬೆರಳಿಗೆ ತಿಳಿಯುತ್ತದೆ. ನನ್ನನ್ನೂ ಕೆಳಗೆ ಕರೆದು ಬೆಲ್ ಕ್ರ್ಯಾಂಕಿನ ಮೇಲೆ ಬೆರಳಿಡಿಸಿದರು. ಪ್ರತಿ ಸಲ ಸ್ಟೇರಿಂಗು ತಿರುಗಿದಾಗಲೂ ಅದರ ಪಿನ್ನು ತನ್ನ ಮನೆಯಲ್ಲಿ ಟಿಕ್ ಎಂದು ವಾಲುತ್ತಿತ್ತು. ಶ್ಯಾಕಲ್ ಬುಶ್ಶಿನ ರಬ್ಬರು ಪುಡಿಯಾಗಿ ಕೈಗೆ ಬಂತು. ಹೊಸ ರಬ್ಬರು ಇಷ್ಟು ಬೇಗ ಹೀಗಾಗಲು ಅವರು ಕೊಟ್ಟ ಕಾರಣ ನನಗೆ ಹೊಸದು. ಗಾಡಿಯನ್ನು ಜಾಕಿನ ಮೇಲೆ ತೂಗಿಬಿಟ್ಟೇ ಬೋಲ್ಟುಗಳನ್ನು ಬಿಗಿದಿದ್ದರು. ರಬ್ಬರು ಆ ಭಂಗಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕ್ಷಣದಿಂದ ಸದಾ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಚಕ್ರ ನೆಲ ಮುಟ್ಟಿ ಗಾಡಿ ತನ್ನ ತೂಕದಲ್ಲಿ ಕೂತ ಮೇಲೆಯೇ ಕೊನೆಯ ಬಿಗಿತ ಕೊಡಬೇಕು. ಇದಕ್ಕೆ ಒಂದು ಪೈಸೆ ಹೆಚ್ಚಿನ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ.

ಮುಂದಿನದು ಚಕ್ರ ಎತ್ತಿ ನೋಡುವ ಪರೀಕ್ಷೆ. ಟಯರಿನ ಮೇಲ್ತುದಿ ಕೆಳತುದಿ ಹಿಡಿದು ಅಲುಗಿಸಿದರೆ ಕಟಕ್ ಎಂದಿತು. ವೀಲ್ ಬೇರಿಂಗೋ, ಕಿಂಗ್ ಪಿನ್ನೋ? ಹುಡುಗನಿಗೆ ಬ್ರೇಕು ತುಳಿಯಲು ಹೇಳಿ ಮತ್ತೆ ಅಲುಗಿಸಿದರು. ಬ್ರೇಕು ಹಿಡಿದಾಗ ಆಟ ಮಾಯವಾದರೆ ಬೇರಿಂಗು ಸಡಿಲ. ಆಗಲೂ ಉಳಿದರೆ ಕಿಂಗ್ ಪಿನ್. ನನ್ನದು ಉಳಿಯಿತು. ಈ ಜೀಪುಗಳಲ್ಲಿ ಚಕ್ರ ತಿರುಗುವುದು ಮೇಲೊಂದು ಕೆಳಗೊಂದು ಇರುವ ಕಿಂಗ್ ಪಿನ್ ಬೇರಿಂಗುಗಳ ಮೇಲೆ. ಅವುಗಳ ಬಿಗಿತವನ್ನು ಹೊಂದಿಸುವುದು ಕಾಗದದಷ್ಟು ತೆಳುವಾದ ಶಿಮ್ಮುಗಳಿಂದ. ಟೈ ರಾಡನ್ನು ಕಳಚಿ, ಸ್ಟೇರಿಂಗ್ ತೋಳಿನ ತುದಿಗೆ ಕೊಕ್ಕೆ ಸಿಕ್ಕಿಸಿ, ಮೆಣಸಿನ ಚೀಲ ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ಎಳೆದರು. ಮುಳ್ಳು ಏಳಲೇ ಇಲ್ಲ. ಚಕ್ರದ ಗೆಣ್ಣು ತಡೆಯಿಲ್ಲದೆ ತಿರುಗಿತು. ಹೊಸ ಬೇರಿಂಗು ಹಾಕಿ ಶಿಮ್ಮುಗಳನ್ನು ತೆಗೆಯುತ್ತ, ಮೇಲಿನಿಂದ ತೆಗೆದಷ್ಟನ್ನೇ ಕೆಳಗಿನಿಂದಲೂ ತೆಗೆಯುತ್ತ, ತಕ್ಕಡಿ ಸಾಕೆನ್ನುವ ತನಕ ಮಾಡಿದರು. ಒಂದೇ ಕಡೆಯಿಂದ ತೆಗೆದರೆ ಒಳಗಿನ ಆಕ್ಸಲ್ ಶಾಫ್ಟಿನ ಕೀಲು ನಡುವಿನಿಂದ ಸರಿಯುತ್ತದಂತೆ. ಒಂದು ಮಧ್ಯಾಹ್ನ ಪೂರ್ತಿ ಈ ಕೆಲಸಕ್ಕೇ ಹೋಯಿತು. ಹುಣಸೆಮರದ ನೆರಳು ಗಾಡಿಯ ಈ ಕಡೆಯಿಂದ ಆ ಕಡೆಗೆ ಬಂದಿತ್ತು. ಅಷ್ಟು ಹೊತ್ತೂ ಅವರು ಮಾತಾಡಿದ್ದು ಕಾಫಿಯ ಧಾರಣೆಯ ಬಗ್ಗೆ.

ನಡುಕಕ್ಕೆ ಇಷ್ಟು ಚಿಕಿತ್ಸೆಯಾಯಿತು, ಅಲೆದಾಟ ಉಳಿದಿತ್ತು. ಅದು ಎತ್ತರದ ನೇರ ಸುಂಕ. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗೆ ನಿಂತಿರುವುದಿಲ್ಲ, ಮೇಲ್ಭಾಗ ಸವಾರನ ಕಡೆಗೆ ವಾಲಿರುತ್ತದೆ. ಹ್ಯಾಂಡಲ್ ಕೈಬಿಟ್ಟರೂ ಸೈಕಲ್ ನೇರ ಓಡಲು ಅದರ ನೆರವಿದೆ. ಜೀಪಿನ ಕಿಂಗ್ ಪಿನ್ನಿಗೂ ಹಾಗೆಯೇ ಹಿಂದಕ್ಕೆ ಸ್ವಲ್ಪ ವಾಲು ಕೊಟ್ಟಿರುತ್ತಾರೆ. ಅದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಯುದ್ಧಕಾಲದ ವಿಲ್ಲಿಸ್ ಜೀಪಿನ ಕೈಪಿಡಿಯಲ್ಲಿ ಅದು 3 ಡಿಗ್ರಿ. ಈ ಜೀಪುಗಳ ಮುಂದಿನ ಕಮಾನಿನ ಹಿಂತುದಿ ಚಾಸಿಗೆ ನೇರ ಕೂತಿರುತ್ತದೆ, ಶ್ಯಾಕಲ್ ಇರುವುದು ಮುಂದಿನ ತುದಿಯಲ್ಲಿ. ಉದ್ದದ ಶ್ಯಾಕಲ್ ಹಾಕಿದಾಗ ಮುಂದಿನ ತುದಿ ಚಾಸಿಯಿಂದ ಕೆಳಗಿಳಿಯುತ್ತದೆ, ಕಮಾನು ಮುಂದಕ್ಕೆ ಬಗ್ಗುತ್ತದೆ, ಅದಕ್ಕೆ ಕಟ್ಟಿದ ಆಕ್ಸಲ್ಲೂ ಮುಂದಕ್ಕೆ ಉರುಳುತ್ತದೆ, ಕಿಂಗ್ ಪಿನ್ನಿನ ಹಿಂದಿನ ವಾಲು ಅಷ್ಟಷ್ಟೇ ಕರಗುತ್ತದೆ.

ಮೇಸ್ತ್ರಿ ಬೀಡಿಕಟ್ಟಿನ ಹಿಂಬದಿಯಲ್ಲಿ ಲೆಕ್ಕ ಮಾಡಿ ತೋರಿಸಿದರು. ಕಮಾನಿನ ಉದ್ದ ಸುಮಾರು 36 ಇಂಚು. ಆಕ್ಸಲ್ ಅದರ ನಡುವೆ ಇರುವುದರಿಂದ ಗಾಡಿ ಒಂದಿಂಚು ಏಳಬೇಕಾದರೆ ಶ್ಯಾಕಲ್ಲನ್ನು ಎರಡಿಂಚು ಉದ್ದ ಮಾಡಬೇಕು. 36 ಇಂಚಿನ ಕಮಾನಿನ ಒಂದು ತುದಿ ಎರಡಿಂಚು ಇಳಿದರೆ ಅದು ಬಗ್ಗುವ ಕೋನ ಮೂರು ಡಿಗ್ರಿಗೆ ತುಸು ಹೆಚ್ಚು. ಅಂದರೆ ಕಾರ್ಖಾನೆಯವರು ಕೊಟ್ಟ ಮೂರು ಡಿಗ್ರಿಯೂ ಮುಗಿಯಿತು. ಒಂದಿಂಚಿನ ಎತ್ತರಕ್ಕೆ ಇದ್ದ ಕ್ಯಾಸ್ಟರನ್ನೆಲ್ಲ ಸುಂಕವಾಗಿ ಕೊಟ್ಟು ನನ್ನ ಜೀಪು ಬರಿಗೈಯಲ್ಲಿ ಓಡುತ್ತಿತ್ತು. ನೇರ ಹೋಗಬೇಕೆಂಬ ಇಚ್ಛೆಯೇ ಅದಕ್ಕೆ ಉಳಿದಿರಲಿಲ್ಲ.

ಪರಿಹಾರ ಎರಡು. ಒಂದು, ಉದ್ದನೆಯ ಶ್ಯಾಕಲ್ ತೆಗೆದುಹಾಕಿ, ಎತ್ತರ ಬೇಕೇ ಬೇಕೆಂದರೆ ಕಮಾನಿನಲ್ಲಿಯೇ ಬಾಗು ಹೆಚ್ಚಿರುವ ಹೊಸ ಸೆಟ್ಟು ಹಾಕಿಸುವುದು. ಇನ್ನೊಂದು, ಕಮಾನಿಗೂ ಆಕ್ಸಲಿಗೂ ನಡುವೆ ಆಪು ಕೊಟ್ಟು ಆಕ್ಸಲನ್ನು ಹಿಂದಕ್ಕೆ ವಾಲಿಸುವುದು. ಆಪಿನ ದಪ್ಪ ತುದಿ ಯಾವ ಕಡೆಗೆ ಎಂಬಲ್ಲಿ ಬಹಳ ಜನ ಎಡವುತ್ತಾರೆ. ಕಮಾನು ಆಕ್ಸಲಿನ ಕೆಳಗಿದ್ದರೆ ದಪ್ಪ ತುದಿ ಮುಂದಕ್ಕೆ. ಕಮಾನನ್ನು ಆಕ್ಸಲಿನ ಮೇಲೆ ತಂದು ಎತ್ತರಿಸಿದ ಗಾಡಿಯಾದರೆ ಹಿಂದಕ್ಕೆ. ಅದಲುಬದಲಾದರೆ ಇದ್ದ ಕಾಯಿಲೆ ದುಪ್ಪಟ್ಟು. ಅಲ್ಯುಮಿನಿಯಂ ಆಪು ಅಗ್ಗ, ಆದರೆ ಯು-ಬೋಲ್ಟಿನ ಒತ್ತಡಕ್ಕೆ ಬಿರಿದು ಉದುರುತ್ತದೆ, ಉಕ್ಕಿನದೇ ಆಗಬೇಕು. ಇದಕ್ಕೂ ಒಂದು ಸುಂಕವಿದೆ. ಆಕ್ಸಲ್ ಹಿಂದಕ್ಕೆ ವಾಲಿದಾಗ ಡಿಫರೆನ್ಷಿಯಲಿನ ಮೂತಿ ಕೆಳಕ್ಕೆ ತಿರುಗಿ, ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಯುನಿವರ್ಸಲ್ ಜಾಯಿಂಟಿನ ಕೋನ ಕಡಿದಾಗುತ್ತದೆ. ನಾಲ್ಕೂ ಚಕ್ರ ಹಾಕಿ ಓಡಿಸುವವರಿಗೆ ಅದರ ಗೊರಗೊರ ಕೇಳಿಸುತ್ತದೆ. ನಾನು ಮೊದಲನೆಯ ದಾರಿ ಹಿಡಿದೆ. ಜೀಪಿನ ಎತ್ತರ ಇಳಿಯಿತು. ಟೀ ಅಂಗಡಿಯಲ್ಲಿ ನನ್ನ ಮರ್ಯಾದೆಯೂ ಸ್ವಲ್ಪ ಇಳಿಯಿತು.

ಎತ್ತರ ಸ್ಟೇರಿಂಗಿನ ರಾಡುಗಳಿಂದಲೂ ಸುಂಕ ವಸೂಲಿ ಮಾಡುತ್ತದೆ. ಹಳೆಯ ವಿಲ್ಲಿಸ್ ಜೀಪಿನಲ್ಲಿ ಸ್ಟೇರಿಂಗ್ ಬಾಕ್ಸ್ ಕೂತಿರುವುದು ಚಾಸಿಯಲ್ಲಿ, ಚಕ್ರಗಳು ಆಕ್ಸಲಿನಲ್ಲಿ. ಚಾಸಿ ಮೇಲೇರಿದರೆ ನಡುವಿನ ರಾಡು ಇಳಿಜಾರಾಗುತ್ತದೆ. ಮಟ್ಟಸವಾಗಿದ್ದ ರಾಡು ಕಮಾನು ಕುಗ್ಗಿ ಹಿಗ್ಗಿದಾಗ ಹೆಚ್ಚು ಗಲಾಟೆ ಮಾಡುವುದಿಲ್ಲ. ಇಳಿಜಾರಿನ ರಾಡು ಮಾತ್ರ ಪ್ರತಿ ಗುಂಡಿಗೂ ಚಕ್ರವನ್ನು ತಳ್ಳುತ್ತದೆ, ಎಳೆಯುತ್ತದೆ. ಚಾಲಕ ಸ್ಟೇರಿಂಗ್ ಮುಟ್ಟದಿದ್ದರೂ ಗಾಡಿ ತಾನೇ ತಿರುಗುತ್ತದೆ. ಇದನ್ನು ಅಲೈನ್‌ಮೆಂಟ್ ಯಂತ್ರ ಹಿಡಿಯಲಾರದು, ಏಕೆಂದರೆ ಅಲ್ಲಿ ಗಾಡಿ ನಿಂತಿರುತ್ತದೆ. ರಾಡು ಆದಷ್ಟು ಮಟ್ಟಸಕ್ಕೆ ಬರುವಂತೆ ತೋಳುಗಳನ್ನು ಬದಲಿಸಬೇಕು, ಇಲ್ಲವೇ ಎತ್ತರವನ್ನೇ ಇಳಿಸಬೇಕು.

ಟೋ ಹೊಂದಿಸುವುದಕ್ಕೆ ಮೇಸ್ತ್ರಿ ಬಳಸಿದ್ದು ಸೀಮೆಸುಣ್ಣ ಮತ್ತು ಟೇಪು. ಚಕ್ರ ಎತ್ತಿ ತಿರುಗಿಸುತ್ತ ಟಯರಿನ ನಡುವೆ ಸುಣ್ಣದ ಗೆರೆ, ಗೆರೆಯ ನಡುವೆ ಮೊಳೆಯಿಂದ ಕೂದಲಗೆರೆ. ಗಾಡಿ ಇಳಿಸಿ, ಹಿಂದೆ ಮುಂದೆ ತಳ್ಳಿ ಕೂರಿಸಿ, ಹಬ್ಬಿನ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ಅಂತರವನ್ನು ಟಯರಿನ ಮುಂದೆಯೂ ಹಿಂದೆಯೂ ಅಳೆಯುವುದು. ವಿಲ್ಲಿಸ್ ಕೈಪಿಡಿ ಕೇಳುವುದು ಇಂಚಿನ 3/64ರಿಂದ 3/32ರಷ್ಟು ಒಳಮುಖ. ನಮ್ಮ ಲೆಕ್ಕದಲ್ಲಿ ಒಂದರಿಂದ ಎರಡೂವರೆ ಮಿಲಿಮೀಟರು. ಲಕ್ಷಗಟ್ಟಲೆಯ ಯಂತ್ರವಿಲ್ಲದೆ, ಸೊಂಟ ಬಗ್ಗಿಸಿ ಅಷ್ಟನ್ನು ಹಿಡಿದದ್ದನ್ನು ನೋಡಿದರೆ ಕೈಮುಗಿಯಬೇಕೆನ್ನಿಸುತ್ತದೆ. ಕೊನೆಗೆ ನಾನು ಡ್ಯಾಂಪರಿನ ಮಾತೆತ್ತಿದೆ. ಮೊದಲೇ ಹಾಕಿದ್ದರೆ ಸದ್ದು ಅಡಗುತ್ತಿತ್ತು, ಸವೆತ ಅಡಗುತ್ತಿರಲಿಲ್ಲ, ಎಂದರು. ಎಲ್ಲ ಕೀಲು ಸರಿಯಿರುವ ಗಾಡಿಗೆ ಡ್ಯಾಂಪರ್ ಭೂಷಣ. ಸವೆದ ಗಾಡಿಗೆ ಅದು ಮುಚ್ಚಳ. ಮುಚ್ಚಳದಡಿ ಸವೆಯುತ್ತಲೇ ಹೋದದ್ದು ಒಂದು ದಿನ ಘಾಟಿಯ ತಿರುವಿನಲ್ಲಿ ತೆರೆದುಕೊಳ್ಳುತ್ತದೆ.

ಹೊಸ ಕಾಲದವರು ಇದೆಲ್ಲ ಅಜ್ಜನ ಜೀಪಿನ ಕತೆ ಎನ್ನಬಹುದು. 2010ರಲ್ಲಿ ಬಂದ ಥಾರ್‌ನ ಮುಂದುಗಡೆ ಕಮಾನಿಲ್ಲ, ಗಟ್ಟಿ ಆಕ್ಸಲ್ಲೂ ಇಲ್ಲ. ಪ್ರತಿ ಚಕ್ರಕ್ಕೂ ಬೇರೆ ತೋಳು, ತಿರುಚುವ ಟಾರ್ಷನ್ ಬಾರು. ಅದನ್ನು ಎತ್ತರಿಸುವುದು ಎಷ್ಟು ಸುಲಭವೆಂದರೆ ಎರಡು ಬೋಲ್ಟು ತಿರುಗಿಸಿದರೆ ಮೂತಿ ಏಳುತ್ತದೆ. ಸುಲಭವಾದ್ದರಿಂದಲೇ ಹೆಚ್ಚು ಗಾಡಿಗಳು ಕೆಟ್ಟವು. ನನ್ನ ಸೋದರಳಿಯನ ಥಾರ್ ಸಣ್ಣ ಉಬ್ಬಿಗೂ ಕಟ್ಟೆ ಹತ್ತಿದ ಸದ್ದು ಮಾಡುತ್ತಿತ್ತು. ಅವನು ಹೇಳಿದ್ದು ಸ್ಪ್ರಿಂಗು ಗಟ್ಟಿಯಾಗಿದೆ ಎಂದು. ಮೇಸ್ತ್ರಿಯ ಪ್ರಕಾರ ಬಾರು ಮೊದಲು ಎಷ್ಟು ಗಟ್ಟಿಯೋ ಈಗಲೂ ಅಷ್ಟೇ. ಬೋಲ್ಟು ತಿರುಗಿಸಿ ತೋಳುಗಳನ್ನು ಕೆಳಕ್ಕೆ ತಳ್ಳಿಟ್ಟಿದ್ದರಿಂದ ಚಕ್ರಕ್ಕೆ ಇನ್ನು ಕೆಳಗಿಳಿಯಲು ಜಾಗವೇ ಇಲ್ಲ. ಗುಂಡಿ ಬಂದಾಗ ತೋಳು ತನ್ನ ತಡೆಗೆ ಹೋಗಿ ಬಡಿಯುತ್ತದೆ. ಜೊತೆಗೆ ಡ್ರೈವ್ ಶಾಫ್ಟಿನ ಕೀಲು ಕಡಿದಾದ ಕೋನದಲ್ಲಿ ತಿರುಗಿ ಅದರ ರಬ್ಬರ್ ಬೂಟು ಹರಿದಿತ್ತು, ಒಳಗಿನ ಗ್ರೀಸು ರಿಮ್ಮಿನ ಒಳಮೈಗೆ ಚಿಮ್ಮಿತ್ತು. ಬೂಟು ಬದಲಿಸಿ, ಬಾರನ್ನು ಇಳಿಸಿ, ಎಡಬಲ ಸಮನಾಗಿ ಅಳೆದು, ಮತ್ತೆ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಗಾಡಿ ಮನುಷ್ಯರದ್ದಾಯಿತು.

2020ರ ಥಾರ್‌ನ ಮುಂದೆ ಎರಡು ವಿಷ್‌ಬೋನು, ಅವುಗಳ ನಡುವೆ ಕಾಯಿಲ್ ಸ್ಪ್ರಿಂಗು. ಅದನ್ನು ಎತ್ತರಿಸಲು ಸ್ಪ್ರಿಂಗಿನ ನೆತ್ತಿಯ ಮೇಲೆ ಸ್ಪೇಸರ್ ಇಡುತ್ತಾರೆ. ಸ್ಪ್ರಿಂಗು ಕೆಳತೋಳಿನ ನಡುಭಾಗದಲ್ಲಿ ಕೂತಿರುವುದರಿಂದ ಚಕ್ರದ ಬಳಿ ಎತ್ತರ ಸ್ಪೇಸರಿನ ದಪ್ಪಕ್ಕಿಂತ ಹೆಚ್ಚಾಗುತ್ತದೆ. ಅಂಗಡಿಯಲ್ಲಿ ಚಿಕ್ಕದಾಗಿ ಕಂಡದ್ದು ಬಾಲ್ ಜಾಯಿಂಟಿಗೆ ದೊಡ್ಡದಾಗಿ ತಟ್ಟುತ್ತದೆ. ಯಾವ ವ್ಯವಸ್ಥೆಯಾದರೂ ಸುಂಕದ ಕಟ್ಟೆ ಇದ್ದೇ ಇದೆ, ಕಟ್ಟೆಯ ಜಾಗ ಬೇರೆ ಅಷ್ಟೆ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಕಾನೂನನ್ನು ಪಕ್ಕಕ್ಕಿಟ್ಟರೂ ಎತ್ತರದ ಗಾಡಿಯ ಭಾರ ಮೇಲಕ್ಕೆ ಹೋಗಿರುತ್ತದೆ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅದು ಹೆಚ್ಚು ವಾಲುತ್ತದೆ. ಎತ್ತರಿಸಿದ ಗಾಡಿಯ ಆಕ್ಸಲ್ಲು ಪೂರ್ತಿ ಇಳಿದಾಗ ಬ್ರೇಕಿನ ಹೋಸು ಎಳೆದುಕೊಳ್ಳುತ್ತದೋ ಎಂದು ಒಮ್ಮೆಯಾದರೂ ಜಾಕ್ ಹಾಕಿ ನೋಡಿಕೊಳ್ಳಬೇಕು. ಉಳಿದ ದೋಷಗಳು ದುಡ್ಡು ಕೇಳುತ್ತವೆ, ಇದು ಪ್ರಾಣ ಕೇಳುತ್ತದೆ.

ಜೀಪು ಎತ್ತರಿಸಿಯೇ ಸಿದ್ಧ ಎನ್ನುವವರಿಗೆ ನನ್ನದೊಂದು ವಿನಂತಿ. ಕಿಟ್ಟು ಕೊಳ್ಳುವ ಮೊದಲು ಒಬ್ಬರನ್ನು ಸ್ಟೇರಿಂಗಿನ ಮುಂದೆ ಕೂರಿಸಿ, ನೀವು ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ, ಪ್ರತಿ ಕೀಲಿನ ಮೇಲೂ ಬೆರಳಿಟ್ಟು ನೋಡಿ. ಸವೆದದ್ದನ್ನು ಮೊದಲು ಬದಲಿಸಿ, ಕ್ಯಾಸ್ಟರ್ ಎಷ್ಟಿದೆಯೆಂದು ಅಳೆಸಿ, ಎತ್ತರಿಸಿದ ಮೇಲೆ ಮತ್ತೆ ಅಳೆಸಿ. ಅಷ್ಟು ಮಾಡಿದವರಲ್ಲಿ ಬಹಳ ಮಂದಿಗೆ ಎತ್ತರ ಬೇಡವೇ ಆಗುತ್ತದೆ. ಬುಶ್ಶು, ಶಾಕು, ಒಳ್ಳೆಯ ಟಯರು ಹಾಕಿದರೆ ಜೀಪು ಹೋಗಬೇಕಾದಲ್ಲಿಗೆಲ್ಲ ಹೋಗುತ್ತದೆ.